ಮಾರಿಸ್ ಕಾರಿನ ಜೋಡಿದೀಪ

ಒಂದು ಗಳಿಗೆ ಕಣ್ಣು ತಪ್ಪಿದರೂ ಈ ಫಿಟ್ಟರ್ ಕಾರಿನಿಂದ ಏನಾದರೊಂದು ಹಾರಿಸುತ್ತಾನೆ. ಆದಿನಾಥನಿಗೆ ಆ ಬಗ್ಗೆ ಸಂಶಯವೇ ಇರಲಿಲ್ಲ. ಅದಕ್ಕೇ ಕುರ್ಚಿಯನ್ನು ಕಾರಿನ ಮೂತಿಯೆದುರೇ ಹಾಕಿಸಿಕೊಂಡು, ಸಾತಪ್ಪನ ಕೈಗಳನ್ನು ಕಾಯುತ್ತ ಕುಳಿತಿದ್ದ.

ಕಾರು ಅವನ ತಂದೆ ಕೊಂಡಿದ್ದ ಪುಟ್ಟ ಮಾರಿಸ್ ಮೈನರ್. ೧೯೭೮ರ ಬೆಳಗಾವಿಯಲ್ಲಿ ಅಂಥವು ಬೆರಳೆಣಿಕೆಯಷ್ಟೇ ಉಳಿದಿದ್ದವು. ಮರುದಿನ ಮಗಳು ರಾಜಮತಿಯನ್ನು ನೋಡಲು ಸಾಂಗಲಿಯಿಂದ ವರನ ಕಡೆಯವರು ಬರುವವರಿದ್ದರು. ಅವರು ಬಾಗಿಲಿಗೆ ಬಂದಾಗ ಕಾರು ತಂದೆಯ ಕಾಲದ ಠೀವಿಯಲ್ಲೇ ನಿಂತಿರಬೇಕು. ಬಂಪರಿನ ಮೇಲೆ ಹಳೇ ಮಾದರಿಯ ಜೋಡಿದೀಪ ಮಿಂಚಬೇಕು. ಅಂಥ ದೀಪಗಳು ಖಾನಾಪುರದ ಒಬ್ಬ ಫಿಟ್ಟರ್ ಹತ್ತಿರ ಮಾತ್ರ ಸಿಗುತ್ತವೆ ಎಂದು ಹೇಳಿದವಳು ರಾಜಮತಿಯೇ.

“ಡ್ರೈವರನ್ನ ಕಳಸಬ್ಯಾಡ್ರಿ ಅಪ್ಪಾ. ನೀವ ಖುದ್ದ ನಿಂತು ಮಾಡಿಸ್ಕೊಂಡ ಬರ್ರಿ,” ಎಂದಿದ್ದಳು.

ಮಗಳಿಗೆ ತನ್ನ ಬುದ್ಧಿಯೇ ಬಂದಿದೆ ಎಂದು ಆದಿನಾಥ ಹಿಗ್ಗಿದ್ದ.

ಬೆಳಗಾವಿಯ ಉದ್ಯಮಬಾಗದಲ್ಲಿ ಅವನದೊಂದು ಫೌಂಡ್ರಿ. ಫಿಟ್ಟರುಗಳನ್ನು ಬೇಕಾದಷ್ಟು ಕಂಡಿದ್ದ, ಒಬ್ಬನನ್ನೂ ನಂಬಿರಲಿಲ್ಲ. ಈ ಸಾತಪ್ಪನ ಗ್ಯಾರೇಜಂತೂ ನಾಲ್ಕು ತಗಡು, ಒಂದು ಹುಣಸೆಮರ. ಕಾರು ಬಂದು ನಿಂತ ಕೂಡಲೇ ಬ್ಯಾಟರಿಯ ವೈರು ಬಿಚ್ಚಿಟ್ಟ. ಆಮೇಲೆ ಆಮೆಯ ಕೆಲಸ. ಬಂಪರಿಗೆ ತೂತು ಕೊರೆಯುವ ಮೊದಲು ಅಳೆದದ್ದೇ ಅಳೆದದ್ದು. ಒಂದು ದೀಪ ಕೂರಿಸಿದ, ದೂರ ನಿಂತು ನೋಡಿದ, ಬಿಚ್ಚಿದ. ಮತ್ತೆ ಕೂರಿಸಿದ. ನಡುನಡುವೆ ಬಾಜು ಕಿರಾಣಿ ಅಂಗಡಿಯ ಕಡೆ ಕತ್ತು ಹೊರಳಿಸುತ್ತಿದ್ದ. ಮಾಲು ಸಾಗಿಸಲು ಜೊತೆಗಾರ ಬರಬೇಕೇನೋ, ಎಂದುಕೊಂಡ ಆದಿನಾಥ.

“ಎರಡು ದೀಪಕ್ಕ ಇಡೀ ದಿನಾ ಬೇಕೇನೋ? ನಮ್ಮ ಫೌಂಡ್ರ್ಯಾಗ ಇದ್ದಿದ್ರ ಮುಂಜಾನೇನ ನಿನ್ನ ಹೊರಗ ಹಾಕ್ತಿದ್ದೆ.”

“ಜೋಡಿ ಕೂಡಸೂ ಕೆಲಸರಿ ಸಾಹೇಬ್ರ, ಅವಸರ ಮಾಡಿದ್ರ ಕೆಡತೈತಿ. ಎರಡೂ ಒಂದ ಮಟ್ಟಕ್ಕ ಬರಬೇಕು.”

“ಮಟ್ಟದ ಮಾತು ನೀ ಆಡಬ್ಯಾಡ.”

ಸಾತಪ್ಪ ನಕ್ಕು, ಚಹಾ ತಂದಿಟ್ಟ. ಆದಿನಾಥ ಕಪ್ಪನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ.

“ಇವತ್ತ ಬ್ಯಾಡಂದ್ರ ಬಿಡ್ರಿ. ಮುಂದ ಕುಡದೀರಿ.”

“ನಿನ್ನ ಕೈ ಕೆಳಗ ಬ್ಯಾರೆ ಯಾರೂ ಇಲ್ಲೇನು?”

“ಮಗ ಅದಾನ್ರಿ. ಒಂದು ಸಹಿ ಮಾಡೂದಿತ್ತು, ಬೆಳಗಾವಿಗೆ ಹೋಗ್ಯಾನ.”

“ಫಿಟ್ಟರನ ಮಗಗ ಸಹಿ ಮಾಡಾಕರ ಬರ್ತದೇನು?”

“ಬರತೈತ್ರಿ. ಧೈರ್ಯಾನೂ ಐತಿ.”

ಹೊತ್ತು ಕಳೆಯಲು ಆದಿನಾಥ ಸಾಂಗಲಿಯ ವರನ ಬಂಗಲೆ, ಲಾರಿಗಳ ವರ್ಣನೆ ಶುರುಮಾಡಿದ. ಸಾತಪ್ಪ ತಲೆಯೆತ್ತಿ, “ಹುಡುಗೀನ ಕೇಳೀರೇನ್ರಿ?” ಎಂದ.

“ದೀಪ ಹಚ್ಚೂ ಮುಂದ ನೀ ಕಾರನ್ನ ಕೇಳ್ತಿಯೇನು?”

ಸಾತಪ್ಪ ಬಿಗಿದ ನಟ್ಟನ್ನೇ ಇನ್ನಷ್ಟು ಬಿಗಿದ.

ಬಿಸಿಲು ಇಳಿಯತೊಡಗಿದಾಗ ಕಿರಾಣಿ ಅಂಗಡಿಯ ಈರಯ್ಯ ಕೂಗಿದ: “ಸಾತಪ್ಪಣ್ಣಾ, ಬೆಳಗಾವಿಯಿಂದ ಫೋನ್!”

ಸಾತಪ್ಪ ನಟ್ಟು ಬಿಗಿಯುವ ಪಾನಾ ಬಿಸಾಕಿ ಓಡಿದ. ಮರಳಿ ಬಂದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು.

“ಯಾರರ ಸತ್ತರೇನು?”

“ಇಲ್ರಿ. ಎಲ್ಲಾ ಸುಸೂತ್ರ ಆತಂತ.”

ಆಮೇಲೆ ಅವನ ಕೈಗೆ ಎಲ್ಲಿಂದ ಜೀವ ಬಂತೋ! ಬೆಳಗಿನಿಂದ ಎಳೆದಾಡಿದ ಕೆಲಸ ಬೀಡಿಯೊಂದು ಸೇದಿ ಮುಗಿಸುವಷ್ಟರಲ್ಲಿ ಮುಗಿಯಿತು. ಬ್ಯಾಟರಿ ಜೋಡಿಸಿ ಸ್ವಿಚ್ಚು ಒತ್ತಿದ. ಎರಡೂ ದೀಪ ಒಟ್ಟಿಗೇ ಹಳದಿ ಬೆಳಕು ಚೆಲ್ಲಿದವು.

ಆದಿನಾಥ ಬಾನೆಟ್ಟಿನೊಳಗೆ ತಲೆ ತೂರಿಸಿ ಒಂದೊಂದನ್ನೂ ಮುಟ್ಟಿ ನೋಡಿದ. ಏನೂ ಹೋಗಿರಲಿಲ್ಲ. ತಾನು ಇಡೀ ದಿನ ಕಾದು ಕುಳಿತದ್ದು ಸಾರ್ಥಕವಾಯಿತು ಎನಿಸಿತು. ನೋಟುಗಳನ್ನು ಕಾರಿನ ಮೇಲೆಸೆದು, “ಎಷ್ಟ ಆತು, ಎತ್ಕೋ,” ಎಂದ.

ಸಾತಪ್ಪ ನಿಧಾನವಾಗಿ ಕೈ ತೊಳೆದ. ಮೊಳೆಗೆ ತೂಗುಹಾಕಿದ್ದ ಇಸ್ತ್ರಿಯ ಅಂಗಿ ತೊಟ್ಟ. ನೋಟುಗಳನ್ನು ಒಟ್ಟುಮಾಡಿ ಆದಿನಾಥನ ಕೈಗೇ ಮರಳಿ ಇಟ್ಟು, ನಮಸ್ಕರಿಸಿದ.

“ಬೀಗರ ಕಡಿಂದ ಮಜೂರಿ ಇಸಗೊಳ್ಳೂ ಪದ್ಧತಿ ನಮ್ಮ ಮನಿತನದಾಗ ಇಲ್ರಿ.”