ಹೆಬ್ಬೆಟ್ಟಿನ ಸಾಕ್ಷಿ

"ಕಾಗದ ಇಲ್ಲ ಅಂದ್ರೆ ನೀನೂ ಇಲ್ಲ," ಎನ್ನುತ್ತ ಕುದುರೆ ಲಾಯದ ಅಧಿಕಾರಿ ಪ್ರೊಕೋಫಿಚ್ ಅರ್ಜಿಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ. "ಹಿಂದೆ ಈ ಲಾಯದಲ್ಲಿ ದುಡಿದೋರಿಗೆ ಮಾತ್ರ ಕೆಲಸ. ನೀನು ದುಡಿದಿದ್ದಕ್ಕೆ ಪುರಾವೆ ಎಲ್ಲಿ?"

ಮುದಲಿಫ್ ಕುರಿದೊಗಲಿನ ಟೋಪಿಯನ್ನು ತೆಗೆಯದೆಯೇ ನಿಂತಿದ್ದ. ಕರಾಚಾಯ್ ಬೆಟ್ಟದವರು ಯಾವ ಸಾಹೇಬನ ಮುಂದೆಯೂ ಅದನ್ನು ತೆಗೆಯುವುದಿಲ್ಲ. "ಕುದುರೆಗಳ್ನ ಕೇಳಿ ಸ್ವಾಮಿ, ಹೇಳ್ತವೆ."

"ಕುದುರೆ ಬಂದು ಸಹಿ ಹಾಕುತ್ತೇನಯ್ಯಾ? ನಲವತ್ತೆರಡರಲ್ಲಿ ಎಲ್ರ ಕಡತಾನೂ ಸುಟ್ಟುಹೋಗಿದೆ. ನಾನೇನು ಮಾಡ್ಲಿ? ಹದಿನಾರು ವರ್ಷ ಎಲ್ಲಿದ್ದೆ?"

"ಕಝಾಕ್ ಬಯಲಲ್ಲಿ. ಎರಡು ಸಲ ಹೋದೆ. ಮೊದಲ್ನೇ ಸಲ ನಿಮ್ಮ ಕುದುರೆ ಹಿಂದೆ ನಡ್ಕೊಂಡು. ಊರಿಗೆ ವಾಪಸ್ ಬಂದೆ, ಮಾರನೇ ವರ್ಷ ಸರ್ಕಾರದೋರು ನಮ್ಮ ಕರಾಚಾಯ್ ಜನಾನೆಲ್ಲ ಗಡೀಪಾರು ಮಾಡಿದ್ರಲ್ಲ, ಆಗ ಕುದುರೆ ಸಾಗ್ಸೋ ರೈಲು ಡಬ್ಬೀಲಿ. ಮೊದಲ್ನೇದೇ ಚೆನ್ನಾಗಿತ್ತು."

ಕಿಟಕಿಯ ಪಕ್ಕದ ಮೇಜಿನಲ್ಲಿ ಕಪಿತೊಲೀನಾ ಯೆಗೋರೊವ್ನಾಳ ಲೇಖನಿ ನಿಂತಿತು. ಅರಬ್ಬೀ ಕುದುರೆಗಳ ವಂಶದ ಪುಸ್ತಕಗಳು ಅವಳ ಸುಪರ್ದಿನಲ್ಲಿದ್ದವು. ಮೂವತ್ತು ವರ್ಷಗಳಲ್ಲಿ ಅವುಗಳಲ್ಲಿ ಒಂದಕ್ಷರ ಹೆಚ್ಚು ಬರೆದವಳಲ್ಲ, ಒಂದಕ್ಷರ ಕಡಿಮೆ ಬರೆದವಳೂ ಅಲ್ಲ. ಮುದಲಿಫ್ ಬಾಗಿಲು ದಾಟಿದಾಗಲೇ ಅವಳಿಗೆ ಗುರುತು ಹತ್ತಿತ್ತು, ಆದರೆ ತಲೆಯೆತ್ತಲು ಮುಖವಿರಲಿಲ್ಲ. ಕಡತಗಳು ತಾವಾಗಿ ಸುಟ್ಟುಹೋಗಿರಲಿಲ್ಲ, ಸುಟ್ಟವಳು ಅವಳೇ. ಜರ್ಮನ್ನರು ಹತ್ತಿರ ಬಂದು ಕುದುರೆಗಳನ್ನು ವೋಲ್ಗಾ ಆಚೆಗೆ ಸಾಗಿಸುವಾಗ ಅಂಗಳದಲ್ಲಿ ಉಳಿದಿದ್ದುದು ಒಂದೇ ಗಾಡಿ. ಕುದುರೆಗಳ ಪುಸ್ತಕ ಹೇರಿ, ಮನುಷ್ಯರ ಕಡತ ಸುಡಿ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಅವಳು ಒಂದೊಂದೇ ಹಾಳೆಯನ್ನು ಬೆಂಕಿಗೆ ಕೊಟ್ಟಿದ್ದಳು.

ಅವಳು ಎದ್ದು ಕಪಾಟಿನಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ಪ್ರೊಕೋಫಿಚ್‌ನ ಮುಂದೆ ಬಿಡಿಸಿಟ್ಟಳು.

"ಓದಿ."

"ಏನಿದು? ನಿವಾ, ಹೆಣ್ಣು ಮರಿ, ಬೂದು ಬಣ್ಣ. ವೋಲ್ಗಾ ದಾಟಿದ ಮೂರನೆಯ ದಿನ ದಾರಿಯಲ್ಲಿ ಜನನ…"

"ಕೆಳಗೆ."

"ವೈದ್ಯರಿಲ್ಲ. ಮರಿಯನ್ನು ಹೊರತೆಗೆದವನು ಮತ್ತು ಸಾಕ್ಷಿ, ಲಾಯದ ಆಳು ಮುದಲಿಫ್ ಬೊಸ್ತಾನೋವ್." ಹೆಸರಿನ ಪಕ್ಕದಲ್ಲಿ ನೀಲಿ ಹೆಬ್ಬೆಟ್ಟಿನ ಗುರುತಿತ್ತು. ಪ್ರೊಕೋಫಿಚ್ ಕನ್ನಡಕ ತೆಗೆದ. "ಇದು ಕುದುರೆ ದಾಖಲೆ, ಯೆಗೋರೊವ್ನಾ. ಮನುಷ್ಯನಿಗೆ ನಡೆಯಲ್ಲ."

"ಹಾಗಾದ್ರೆ ಲಾಯದ ಆಳು ಅಂತ ಬರೆದಿರೋದು ಸುಳ್ಳು. ಸಾಕ್ಷೀನೇ ಸುಳ್ಳಾದ್ರೆ ನಿವಾ ಯಾರ ಹೊಟ್ಟೇಲಿ ಹುಟ್ಟಿದ್ಲು ಅಂತ ಯಾರು ಹೇಳ್ತಾರೆ? ಅವಳ ಹೆಸರು ಹೊಡೆದುಹಾಕ್ತೀನಿ. ಮಕ್ಕಳು ಮೊಮ್ಮಕ್ಕಳು ಸೇರಿ ಹತ್ತೊಂಬತ್ತು ಕುದುರೆ, ಅವನ್ನೂ ಹೊಡೆದುಹಾಕ್ತೀನಿ. ಮುಂದಿನ ತಿಂಗಳು ಮಾಸ್ಕೋ ಪ್ರದರ್ಶನಕ್ಕೆ ಹೊರಟಿದ್ದಾನಲ್ಲ, ಅವನು ಇವಳ ಮಗ. ನಾಳೆಯಿಂದ ಅವನನ್ನ ಗಾಡಿಗೆ ಕಟ್ಟಿ. ಕೆಂಪು ಶಾಯಿ ನಿಮ್ಮ ಹತ್ರಾನೇ ಇದೆ, ಕೊಡಿ."

ಪ್ರೊಕೋಫಿಚ್ ಶಾಯಿಯ ಕುಡಿಕೆಯನ್ನು ತನ್ನ ಕಡೆಗೆ ಎಳೆದುಕೊಂಡ. ಕೆಟ್ಟವನೇನಲ್ಲ, ಅವನಿಗೂ ಮೇಲಿನವರ ಭಯ. ಸ್ವಲ್ಪ ಹೊತ್ತು ಕೆನ್ನೆ ಕೆರೆದುಕೊಂಡು ಅರ್ಜಿಯನ್ನು ಮತ್ತೆ ಹತ್ತಿರಕ್ಕೆ ತೆಗೆದುಕೊಂಡ. "ಆ ಪುಟದ ನಕಲು ಮಾಡಿಕೊಡಿ, ಇದಕ್ಕೆ ಲಗತ್ತಿಸ್ತೀನಿ. ಸೋಮವಾರದಿಂದ ಬಾರಯ್ಯ. ಕುದುರೆ ಶಿಫಾರಸಿನ ಮೇಲೆ ಕೆಲಸ ಕೊಟ್ಟೋನು ನಾನೊಬ್ನೇ ಇರ್ಬೇಕು."

"ನಿವಾ ಇದಾಳಾ ಅಮ್ಮಾ?" ಎಂದ ಮುದಲಿಫ್.

"ಇದಾಳೆ. ಮೂರನೇ ಲಾಯದಲ್ಲಿ. ಹಲ್ಲು ಸವೆದಿದೆ, ಕೊಬ್ಬು ಮಾತ್ರ ಇಳಿದಿಲ್ಲ."

ಅವನು ನಕ್ಕ. ಜೇಬಿನೊಳಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿ ತಂದಿದ್ದ ಸಕ್ಕರೆಯ ಗಟ್ಟಿ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಆದರೂ ಹೊರಡಲಿಲ್ಲ, ತೆರೆದ ಪುಟವನ್ನೇ ನೋಡುತ್ತ ನಿಂತ. ಅಕ್ಷರ ಬಾರದಿದ್ದರೂ ಅವನ ಬೆರಳು ಸಾಲಿನ ಮೇಲೆ ಮೆಲ್ಲಗೆ ಸರಿಯಿತು.

"ಇದ್ರಲ್ಲಿ ಎಲ್ಲಾ ಬರೆದಿದೆ ಅಲ್ವಾ? ಹುಟ್ಟಿದ ಹೊತ್ತು, ಹಣೆ ಮೇಲಿನ ಚುಕ್ಕೆ, ತಾಯಿ ಹೆಸರು?"

"ಎಲ್ಲಾ ಇದೆ."

"ನನ್ನ ಮಗಳೂ ದಾರೀಲೇ ಹುಟ್ಟಿದ್ಲು, ಗಡೀಪಾರು ಮಾಡಿದಾಗ, ಆ ರೈಲು ಡಬ್ಬೀಲಿ. ಅಲ್ಲೂ ವೈದ್ಯರಿರ್ಲಿಲ್ಲ. ನಾನೇ ಹೊರಗೆ ತೆಗೆದೆ, ನಿವಾನ ತೆಗೆದ ಹಾಗೇ." ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. "ನಾಲ್ಕು ದಿನ ಇದ್ಲು. ರೈಲು ನಿಂತ ಕಡೆ ಹಳಿ ಪಕ್ಕ ಮಣ್ಣು ಮಾಡಿದ್ವಿ. ಯಾವೂರು ಅಂತ್ಲೂ ಗೊತ್ತಾಗ್ಲಿಲ್ಲ. ಅವಳು ಹುಟ್ಟಿದ್ಲು ಅಂತ ಎಲ್ಲೂ ಒಂದು ಗೆರೆ ಇಲ್ಲ. ನನ್ನವಳಿದ್ಲು ನೆನಪು ಮಾಡೋಕೆ, ಹೋದ ಚಳಿಗಾಲದಲ್ಲಿ ಅವಳೂ ಹೋದ್ಲು."

ಕಪಿತೊಲೀನಾಳಿಗೆ ಅಳು ಬಂತು. ಅವಳು ಅದನ್ನು ಮರೆಮಾಡಲಿಲ್ಲ. ಪ್ರೊಕೋಫಿಚ್ ಎದ್ದು ಹೋಗಿ, ಕಿಟಕಿಯ ಕಡೆ ಮುಖ ಮಾಡಿ, ಇಬ್ಬರಿಗೂ ಬೆನ್ನು ಹಾಕಿ ನಿಂತುಕೊಂಡ. ಅವಳು ಪುಸ್ತಕವನ್ನು ತನ್ನ ಮೇಜಿಗೆ ಒಯ್ದಳು. ನಿವಾಳ ಪುಟದ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಇತ್ತು. ಲೇಖನಿಯನ್ನು ಶಾಯಿಯಲ್ಲಿ ಅದ್ದಿದಳು.

"ಮಗು ಹೆಸರು?"

"ಸಾಪಿಯತ್." ಅವನು ಗಾಬರಿಯಾದ. "ಅಮ್ಮಾ, ಬೇಡಿ, ಇದು ಕುದುರೆ ಪುಸ್ತಕ."

"ಅದಕ್ಕೇ ಇದ್ರಲ್ಲಿ ಬರೀತಿರೋದು. ಇದನ್ನ ಯಾರೂ ಸುಡೋದಿಲ್ಲ. ತಾಯಿ ಹೆಸರು ಹೇಳು."

ಅವನು ಹೇಳಿದ. ಕಣ್ಣಿನ ಬಣ್ಣ ಹೇಳಿದ, ಹುಟ್ಟಿದಾಗ ಡಬ್ಬಿಯ ಬಿರುಕಿನಿಂದ ಬೆಳಕು ಬರುತ್ತಿತ್ತು ಎಂದ. ಅವಳು ಎಲ್ಲವನ್ನೂ ಬರೆದುಕೊಂಡಳು. ಕೊನೆಯ ಸಾಲಿನಲ್ಲಿ 'ಸಾಕ್ಷಿ' ಎಂದು ಬರೆದು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದಳು.

ಮುದಲಿಫ್ ಮೊದಲು ತಲೆಯ ಮೇಲಿನ ಟೋಪಿ ತೆಗೆದ. ಆಮೇಲೆ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿದ.