ಹೆಬ್ಬೆರಳು ತೋರಿದ ಕಡೆ

ಎಡಗಣ್ಣಿಗೆ ಪ್ಲಾಸ್ಟಿಕ್ ಚಮಚ ಮುಚ್ಚಿಕೊಂಡ ಗುಯಿಲಾನಳಿಗೆ ಗೋಡೆಯ ಕಣ್ಣುಪರೀಕ್ಷೆ ಪಟದ ಗುರುತುಗಳೆಲ್ಲ ಇರುವೆಗಳ ಹಾಗೆ ಕಂಡವು. ಮೂರು ಹಲ್ಲಿನ ಬಾಚಣಿಗೆಯಂಥ ಗುರುತು. ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಬೇಕು. ತಪ್ಪಿದವರಿಗೆ ಈ ವುಹಾನ್ ಕಾರ್ಖಾನೆಯಲ್ಲಿ ನಾಳೆಯಿಂದ ಕೆಲಸವಿಲ್ಲ. ಆದರೂ ಅವಳು ಹೆದರಲಿಲ್ಲ. ನರ್ಸಮ್ಮನ ಬೆನ್ನ ಹಿಂದೆ ಚಿಯಾವ್ ನಿಂತಿದ್ದಳಲ್ಲ. "ನನ್ನ ಹೆಬ್ಬೆರಳು ನೋಡ್ಕೊಂಡು ಕೈ ಆಡ್ಸು ಅಕ್ಕಾ, ಸಾಕು," ಎಂದು ಬೆಳಿಗ್ಗೆಯಷ್ಟೇ ಗುಯಿಲಾನಳ ಬಟ್ಟಲಿನಿಂದಲೇ ಎಳ್ಳಿನ ನೂಡಲ್ಸ್ ಎಳೆದು ತಿನ್ನುತ್ತ ಹೇಳಿದ್ದಳು.

ಒಂಬತ್ತು ವರ್ಷದಿಂದ ಇಬ್ಬರದೂ ಅಕ್ಕಪಕ್ಕದ ಕುರ್ಚಿ. ಅಂತರಜಾಲದ ಮಾತನ್ನೆಲ್ಲ ಬೆಳಕಾಗಿಸಿ ಗಾಜಿನೆಳೆಗೆ ದಾಟಿಸುವ ಬೆರಳುದ್ದದ ಮಾಡ್ಯೂಲು ಅವರ ಕೈಯಲ್ಲಿ ತಯಾರಾಗುತ್ತಿತ್ತು. ಅದರೊಳಗೆ ಸಾಸಿವೆಗಿಂತ ಚಿಕ್ಕ ಮಸೂರ ಕೂರಿಸುವುದನ್ನು ಚಿಯಾವ್‌ಗೆ ಕಲಿಸಿದವಳೇ ಗುಯಿಲಾನ್. "ಗಾಜಿನೆಳೆ ತುದೀನ ಒಂದೇ ಕಡೆಗೆ, ಒಂದೇ ಸಲ ಒರೆಸು ತಂಗಿ. ವಾಪಸ್ ಒರೆಸಿದ್ರೆ ಕೊಳೆ ಅಲ್ಲೇ ಕೂರತ್ತೆ," ಎಂದು ಕೈ ಹಿಡಿದು ತೋರಿಸಿದ್ದಳು.

ಹೆಬ್ಬೆರಳು ಮೇಲೆ ಹೋಯಿತು, ಗುಯಿಲಾನಳ ಕೈಯೂ ಮೇಲೆ. ಕಿಟಕಿಯತ್ತ ತಿರುಗಿತು, ಕೈಯೂ ಕಿಟಕಿಯತ್ತ. ಹೀಗೆ ಐದು ಸಲ.

"ಐದಕ್ಕೆ ಐದೂ ತಪ್ಪು," ನರ್ಸಮ್ಮ ಬರೆದುಕೊಂಡಳು. "ಕಣ್ಮುಚ್ಕೊಂಡು ತೋರ್ಸಿದ್ರೂ ಒಂದಾದ್ರೂ ಸರಿಯಾಗ್ತಿತ್ತಲ್ಲಮ್ಮ."

ಚಿಯಾವ್ ಮುಂದೆ ಬಂದು ಅವಳ ಕೈಯಿಂದ ಚಮಚ ತೆಗೆದುಕೊಂಡಳು. "ನಮ್ಮಿಬ್ರ ಕುರ್ಚೀಲಿ ಒಂದೇ ಉಳಿಸ್ಕೋತಾರಂತೆ ಅಕ್ಕಾ," ಎಂದಳು ಮೆಲ್ಲಗೆ. ಆಮೇಲೆ ಜೇಬಿನಿಂದ ಬಿಳಿ ಬಟ್ಟೆ ತೆಗೆದು, ಅಕ್ಕನ ಬೆವರು ಅಂಟಿದ್ದ ಚಮಚವನ್ನು ಒರೆಸಿದಳು. ಒಂದೇ ಕಡೆಗೆ, ಒಂದೇ ಸಲ.