ಅಮ್ಮನಿಗೆ ಅರ್ಥವಾಗದ ಕೈಪಿಡಿ

"ನಮ್ಮಮ್ಮಂಗೆ ಈ ಸಲಾನೂ ಅರ್ಥವಾಗ್ಲಿಲ್ಲ ಕಣ್ರೀ! ಒಂದು ಗ್ರೈಂಡರ್ ಮ್ಯಾನ್ಯುಯಲ್ ಬರೆಯೋಕೂ ಬರಲ್ವಾ ನಿಮಗೆ?"

ಮ್ಯಾನೇಜರ್ ಆರನೇ ಕರಡನ್ನೂ ವಾರಿಜಳ ಮುಖದತ್ತ ಎಸೆದ.

ಅವಳ ಮೈಯೆಲ್ಲ ಉರಿದುಹೋಯಿತು. ನೇರ ಅವನ ಮನೆಗೇ ಹೋಗಿ, ಕಂಪನಿಯಿಂದ ಬಂದಿದ್ದೇನೆ ಎಂದಳು. ಅವನ ತಾಯಿ ಅಡುಗೆಮನೆಯಲ್ಲಿ ದೋಸೆಹಿಟ್ಟು ರುಬ್ಬುತ್ತಿದ್ದರು. ಗ್ರೈಂಡರಿನ ಹಿಂದಿನ ಗೋಡೆಗೆ ಅಂಟಿಸಿದ್ದುದು ವಾರಿಜ ಬರೆದ ಮೊದಲನೇ ಕರಡು.

"ಇದು ಅರ್ಥವಾಯ್ತಾ ಅಮ್ಮಾ?"

"ಅಯ್ಯೋ, ನೀರು ಕುಡಿದಷ್ಟು ಸುಲಭ. ಇದನ್ನ ನೋಡ್ಕೊಂಡೇ ದಿನಾ ರುಬ್ಬೋದು."

"ಮತ್ತೆ ಅರ್ಥವಾಗ್ಲಿಲ್ಲ ಅಂದಿರಂತೆ?"

"ಬರೆದವಳು ತಾನಾಗೇ ಕೆಲಸ ಬಿಡೋ ತನಕ ಹಾಗೇ ಅನ್ನು ಅಂದಿದಾನಮ್ಮ ನನ್ಮಗ." ಆಕೆ ದನಿ ತಗ್ಗಿಸಿದರು. "ಬಿಟ್ಲಾ ಅವಳು?"